ಚಿಲ್ಲರೆ ಆಳುಗಳ ದಂಡು

ಇಸ್ಪೀಟಿನ ಎಲೆಗಳಿಗೆ ಹುಟ್ಟಿನಿಂದಲೇ ಅಂತಸ್ತು. ಎಕ್ಕ, ರಾಜ, ರಾಣಿ, ಗುಲಾಮ ಇವು ಮೇಲಿನವು. ಎರಡು, ಮೂರು, ನಾಲ್ಕರ ಎಲೆಗಳು ಕೈಗೆ ಬಂದರೆ ಆಟಗಾರನ ಮುಖ ಬಾಡುವುದು ವಾಡಿಕೆ. ನಮ್ಮ ಮೈಸೂರಿನ ಗಂಜೀಫದಲ್ಲಿಯೂ ಒಂದೊಂದು ಬಣ್ಣದ ತಲೆಯ ಮೇಲೆ ರಾಜನೂ ಮಂತ್ರಿಯೂ ಕುಳಿತಿರುತ್ತಾರೆ. ಇತಿಹಾಸದ ಪುಸ್ತಕಗಳೂ ಬಹುಕಾಲ ಹೀಗೆಯೇ ಇದ್ದುವಲ್ಲವೆ? ದೊರೆಯ ಹೆಸರು, ದಂಡನಾಯಕನ ಹೆಸರು ಪುಟಗಳಲ್ಲಿ ಉಳಿದುವು. ಕತ್ತಿ ಹಿಡಿದು ಮುಂದೆ ನಡೆದವರು ಇಷ್ಟು ಸಾವಿರ ಎಂಬ ಲೆಕ್ಕದಲ್ಲಿ ಕರಗಿಹೋದರು.

ಆದರೆ ಈಚಿನ ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಬೆಳೆದುಬಂದ ಒಂದು ಬಗೆಯ ಎಲೆಯಾಟದಲ್ಲಿ ಈ ಅಂತಸ್ತನ್ನು ಬುಡಮೇಲು ಮಾಡುವ ಒಂದು ದಾರಿ ಉಂಟು. ಹೆಸರಿಲ್ಲದ, ಬೆಲೆಯಿಲ್ಲದ, ಒಂದು ಏಟಿಗೆ ಸಾಯುವ ಸಣ್ಣ ಆಳುಗಳನ್ನು ಹಿಂಡುಹಿಂಡಾಗಿ ಕಣಕ್ಕಿಳಿಸಿ, ಎದುರಾಳಿಯ ದೈತ್ಯರನ್ನೂ ವೀರರನ್ನೂ ಮುಳುಗಿಸಿಬಿಡುವ ದಾರಿ ಅದು. ಆ ಆಳುಗಳಿಗೆ ಇಂಗ್ಲಿಷಿನಲ್ಲಿ ಟೋಕನ್ ಎಂದು ಹೆಸರು. ಟೋಕನ್ ಎಂದರೆ ನಾಣ್ಯದ ಬದಲಿಗೆ ಚಲಾವಣೆಯಾಗುವ ಬಿಲ್ಲೆ. ಆದುದರಿಂದ ನಾನು ಇವರನ್ನು ಚಿಲ್ಲರೆ ಆಳುಗಳು ಎಂದು ಕರೆಯುತ್ತೇನೆ. ಇಂದು ನಮ್ಮ ಕಾಲೇಜು ಹುಡುಗರ ಕೈಯ ಫೋನಿನಲ್ಲಿ ನಡೆಯುತ್ತಿರುವ ಈ ಆಟದ ಹಿಂದೆ ಒಂದು ಸಣ್ಣ ಚರಿತ್ರೆಯಿದೆ. ಅದು ಬರಿಯ ಆಟದ ಚರಿತ್ರೆಯಲ್ಲ. ಹಣವಿದ್ದವನಿಗೂ ಇಲ್ಲದವನಿಗೂ ಒಂದೇ ಕಣದಲ್ಲಿ ನ್ಯಾಯ ಸಿಕ್ಕೀತೆ ಎಂಬ ಪ್ರಶ್ನೆಯ ಚರಿತ್ರೆಯೂ ಹೌದು.

ಮೊದಲು ಆಟದ ಹುಟ್ಟು. 1991ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೆರಿಕದ ಗಣಿತದ ಸಂಶೋಧನ ವಿದ್ಯಾರ್ಥಿ ತಾನು ರಚಿಸಿದ ಒಂದು ಹಾಸಂಗಿಯಾಟವನ್ನು ಪೀಟರ್ ಅಡ್ಕಿಸನ್ ಎಂಬ ಪ್ರಕಾಶಕನ ಬಳಿಗೆ ಒಯ್ದ. ಅದನ್ನು ಅಚ್ಚುಹಾಕಲು ಬಹಳ ಖರ್ಚು. ಜೇಬಿನಲ್ಲಿ ಒಯ್ಯಬಹುದಾದ, ಬೇಗನೆ ಮುಗಿಯುವ, ಅಗ್ಗವಾಗಿ ಮಾಡಬಹುದಾದ ಆಟವೊಂದಿದ್ದರೆ ಹೇಳು ಎಂಬುದು ಪ್ರಕಾಶಕನ ಕೋರಿಕೆ. ಅದಕ್ಕೆ ಗಾರ್ಫೀಲ್ಡ್ ಕೊಟ್ಟ ಉತ್ತರವೇ 1993ರ ಆಗಸ್ಟಿನಲ್ಲಿ ಹೊರಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್'. ಇಸ್ಪೀಟಿನಲ್ಲಿ ಇಬ್ಬರಿಗೂ ಕಟ್ಟು ಒಂದೇ. ಇಲ್ಲಿ ಹಾಗಲ್ಲ. ನೂರಾರು ಬೇರೆ ಬೇರೆ ಎಲೆಗಳಿವೆ; ಆಟಗಾರ ಅವನ್ನು ಪೊಟ್ಟಣಗಳಲ್ಲಿ ಕೊಂಡು, ತನಗೆ ಬೇಕಾದುವನ್ನು ಆರಿಸಿ, ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರಬೇಕು. ಪ್ರತಿಯೊಂದು ಎಲೆಗೂ 'ಮಾನಾ' ಎಂಬ ಮಂತ್ರಶಕ್ತಿಯಲ್ಲಿ ಒಂದು ಬೆಲೆ. ಕೆಲವು ಎಲೆಗಳು ಪ್ರಾಣಿಗಳನ್ನೋ ಯೋಧರನ್ನೋ ಕಣಕ್ಕೆ ಕರೆಯುತ್ತವೆ, ಕೆಲವು ಮಂತ್ರಗಳಾಗಿ ಒಮ್ಮೆ ಸಿಡಿದು ಮುಗಿಯುತ್ತವೆ. ಎದುರಾಳಿಯ ಇಪ್ಪತ್ತು ಜೀವಾಂಕಗಳನ್ನು ಸೊನ್ನೆಗಿಳಿಸಿದವನು ಗೆದ್ದ.

ಆ ಮೊದಲನೆಯ ಮುದ್ರಣದಲ್ಲಿಯೇ 'ದಿ ಹೈವ್' ಎಂಬ ಎಲೆಯೊಂದಿತ್ತು, ಕಣಜದ ಗೂಡು. ಅದನ್ನು ಕಣದಲ್ಲಿಡಲು ಐದು ಮಾನಾ. ಆಮೇಲೆ ಪ್ರತಿ ಸಲವೂ ಐದು ಮಾನಾ ತೆತ್ತರೆ ಗೂಡಿನಿಂದ ಒಂದು ಕಣಜ ಹಾರಿಬರುತ್ತದೆ. ಅದರ ಬಲ ಒಂದು, ಆಯುಸ್ಸು ಒಂದು. ಇಲ್ಲೊಂದು ಸ್ವಾರಸ್ಯವನ್ನು ಗಮನಿಸಬೇಕು. ಗೂಡಿಗೆ ಎಲೆಯುಂಟು, ಕಣಜಕ್ಕೆ ಎಲೆಯಿಲ್ಲ! ಆಟಗಾರ ಕೈಗೆ ಸಿಕ್ಕಿದ ನಾಣ್ಯವನ್ನೋ ಗಾಜಿನ ಮಣಿಯನ್ನೋ ಮೇಜಿನ ಮೇಲಿಟ್ಟು, ಇದೇ ಕಣಜ ಎನ್ನಬೇಕು. ನಮ್ಮ ಮನೆಗಳಲ್ಲಿ ಚೌಕಾಬಾರಕ್ಕೆ ಹುಣಸೆಬೀಜವನ್ನೂ ಬಳೆಚೂರನ್ನೂ ಕಾಯಿ ಮಾಡಿಕೊಂಡಂತೆ. ಕಣವನ್ನು ಬಿಟ್ಟರೆ ಆ ಆಳಿಗೆ ಬೇರೆ ಇರುವೇ ಇಲ್ಲ. ನಿಜವಾದ ಎಲೆ ಸತ್ತರೆ ಸ್ಮಶಾನದ ರಾಶಿಯಲ್ಲಿ ಉಳಿಯುತ್ತದೆ, ಮಂತ್ರಬಲದಿಂದ ಮರಳಿ ಬರಲೂಬಹುದು. ಟೋಕನ್ ಕಣದಿಂದ ಹೊರಬಿದ್ದೊಡನೆ ಇಲ್ಲವಾಗುತ್ತದೆ. ಇಂಥ ಆಳುಗಳಿಗೆ ಅಚ್ಚಾದ ಎಲೆಯ ಭಾಗ್ಯ ಸಿಕ್ಕಿದ್ದು 1998ರಲ್ಲಿ. ಅದೂ 'ಅನ್‌ಗ್ಲೂಡ್' ಎಂಬ ವಿನೋದದ ಸಂಪುಟದಲ್ಲಿ!

ಚಿಲ್ಲರೆ ಆಳುಗಳನ್ನೇ ಕಥೆಯ ನಡುವಿಗೆ ತಂದದ್ದು 1994ರ ನವೆಂಬರಿನಲ್ಲಿ ಬಂದ 'ಫಾಲನ್ ಎಂಪೈರ್ಸ್' ಎಂಬ ಸಂಪುಟ. ಹೆಸರೇ ಹೇಳುವಂತೆ ಅದು ಬಿದ್ದುಹೋದ ಸಾಮ್ರಾಜ್ಯಗಳ ಕಥೆ. ಸರ್ಪೇಡಿಯ ಎಂಬ ಕಲ್ಪಿತ ಖಂಡದಲ್ಲಿ ಕಾಡಿನ ಯಕ್ಷರು ಆಹಾರಕ್ಕೆಂದು ಅಣಬೆಗಳನ್ನು ಬೆಳೆಸುತ್ತಾರೆ. ಆ ಅಣಬೆಯೇ ಜೀವತಳೆದು, ಬೀಜಕಣಗಳಿಂದ ಮರಿಗಳನ್ನು ಹುಟ್ಟಿಸಿ, ಬೆಳೆಸಿದವರನ್ನೇ ಮುತ್ತಿಕೊಳ್ಳುತ್ತದೆ. ಆಟದಲ್ಲಿಯೂ ಹಾಗೆಯೇ. ಥ್ಯಾಲಿಡ್ ಎಂಬ ಅಣಬೆ ಸರದಿಗೊಂದು ಬೀಜಕಣವನ್ನು ಕೂಡಿಸಿಕೊಳ್ಳುತ್ತದೆ, ಮೂರು ಕೂಡಿದರೆ ಒಂದು ಮರಿ. ಬೇರೊಂದು ಎಲೆ ಆರು ಮಾನಾಕ್ಕೆ ನಾಲ್ವರು ಪೌರರನ್ನು ಒಟ್ಟಿಗೆ ಕರೆತರುತ್ತಿತ್ತು. ಈ ಎಲೆಗಳು ಪಂದ್ಯಗಳಲ್ಲಿ ಅಷ್ಟೇನೂ ಬಲವಾದುವೆನಿಸಲಿಲ್ಲ, ಬಹಳ ನಿಧಾನ. ಆದರೆ ಒಂದು ಎಲೆಯಿಂದ ಅನೇಕ ಆಳು ಎಂಬ ತತ್ತ್ವ ಅಲ್ಲಿ ಬೇರೂರಿತು.

ಒಬ್ಬೊಬ್ಬರಾಗಿ ನೋಡಿದರೆ ಈ ಆಳುಗಳಿಂದ ಏನು ಪ್ರಯೋಜನ? ಹೆಚ್ಚೇನೂ ಇಲ್ಲ. ಗುಟ್ಟು ಇರುವುದು ಗುಣಾಕಾರದಲ್ಲಿ. ಮೊದಲ ಮುದ್ರಣದಲ್ಲಿಯೇ 'ಕ್ರುಸೇಡ್' ಎಂಬ ಎಲೆಯಿತ್ತು. ಬಿಳಿಯ ಬಣ್ಣದ ಎಲ್ಲ ಯೋಧರಿಗೂ ಬಲವನ್ನೂ ಆಯುಸ್ಸನ್ನೂ ಒಂದೊಂದು ಏರಿಸುವುದು ಅದರ ಕೆಲಸ. ಕಣದಲ್ಲಿ ಒಬ್ಬನೇ ಮಹಾವೀರನಿದ್ದರೆ ಈ ಎಲೆಯ ಬೆಲೆ ಒಂದು. ಏಳು ಮಂದಿ ಬಡಯೋಧರಿದ್ದರೆ ಏಳು. ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ ಎಂಬ ನಮ್ಮ ಗಾದೆ ಕೂಡುವ ಲೆಕ್ಕವನ್ನು ಹೇಳುತ್ತದೆ; ಇಲ್ಲಿ ನಡೆಯುವುದು ಗುಣಿಸುವ ಲೆಕ್ಕ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಲ್ಯಾಂಚೆಸ್ಟರ್ ಎಂಬ ಇಂಗ್ಲಿಷ್ ಎಂಜಿನಿಯರನು ವಿಮಾನಯುದ್ಧವನ್ನು ಕುರಿತು ಬರೆಯುತ್ತ, ದೂರದಿಂದ ಗುಂಡುಹಾರಿಸುವ ಕಾಳಗದಲ್ಲಿ ಸೇನೆಯ ಬಲ ಅದರ ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ ಎಂದು ತೋರಿಸಿದ್ದ. ಎಲೆಯಾಟ ಅಷ್ಟು ಸರಳವಾದ ಸೂತ್ರಕ್ಕೆ ಒಗ್ಗದು. ಆದರೂ ಒಂದರ ಮೇಲೊಂದಾಗಿ ನಿಂತ ಸಂಖ್ಯೆ ತನ್ನ ಮೊತ್ತಕ್ಕಿಂತ ದೊಡ್ಡದಾಗುತ್ತದೆ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ.

ಗುಣಾಕಾರವಿದ್ದಂತೆ ಅದಕ್ಕೆ ಪ್ರಳಯವೂ ಇತ್ತು. ಅದೇ ಮೊದಲ ಮುದ್ರಣದ 'ರಾತ್ ಆಫ್ ಗಾಡ್', ದೇವರ ಕೋಪ, ನಾಲ್ಕೇ ಮಾನಾಕ್ಕೆ ಕಣದಲ್ಲಿರುವ ಎಲ್ಲ ಜೀವಿಗಳನ್ನೂ ನಾಶಮಾಡುತ್ತಿತ್ತು. ಒಬ್ಬ ವೀರನಿಗೆ ಅದನ್ನು ಬಳಸಿದರೆ ಎಲೆಗೆ ಎಲೆ ಸರಿಹೋಯಿತು. ಹಿಂಡಿನ ಮೇಲೆ ಬಳಸಿದರೆ ಒಂದು ಎಲೆಗೆ ಎದುರಾಳಿಯ ಐದಾರು ಸರದಿಗಳ ದುಡಿಮೆ ಮಣ್ಣುಪಾಲು. ಹೀಗೆ 1993ರಲ್ಲಿಯೇ ಹಿಂಡಿನ ಆಟದ ಎರಡು ದಡಗಳೂ ಗೊತ್ತಾಗಿದ್ದುವು: ಒಂದು ಕಡೆ ಕ್ರುಸೇಡ್, ಇನ್ನೊಂದು ಕಡೆ ದೇವರ ಕೋಪ. ಆಮೇಲಿನ ಚರಿತ್ರೆಯೆಲ್ಲ ಈ ಎರಡರ ನಡುವೆ ಹರಿದ ಹೊಳೆ.

1996ರಲ್ಲಿ ಅಟ್ಲಾಂಟಾ ನಗರದ ಒಂದು ಅರ್ಹತಾ ಪಂದ್ಯದಲ್ಲಿ ಪಾಲ್ ಸ್ಲೈ ಎಂಬವನು ಆಡಿದ ಕಟ್ಟು ನೋಡಿದವರನ್ನು ಬೆರಗುಗೊಳಿಸಿತು. ಅದನ್ನು ಯೋಚಿಸಿ ಕಟ್ಟಿದವನು ಜೇ ಶ್ನೈಡರ್. ಅದರಲ್ಲಿ ಟೋಕನ್‌ಗಳ ಮಾತಿರಲಿಲ್ಲ. ಇದ್ದುದು ಯಾರೂ ಮುಟ್ಟದ ಅಗ್ಗದ ಕುಳ್ಳಭೂತಗಳು. ಆದರೆ ಮೊದಲ ಸರದಿಗೆ ಒಂದು ಮಾನಾದ ಆಳು, ಎರಡನೆಯದಕ್ಕೆ ಎರಡರ ಆಳು, ಹೀಗೆ ಯಾವ ಸರದಿಯಲ್ಲಿಯೂ ಒಂದು ಮಾನಾ ಕೂಡ ವ್ಯರ್ಥವಾಗದಂತೆ ಲೆಕ್ಕಹಾಕಿ ಕಟ್ಟಿದ ಕಟ್ಟು ಅದು. ಬೆಲೆಯುಳ್ಳ ಎಲೆಗಿಂತ ಹೊತ್ತಿಗೆ ಸರಿಯಾಗಿ ಬಿದ್ದ ಎಲೆ ಮೇಲು ಎಂಬ ಪಾಠವನ್ನು ಅದು ಕಲಿಸಿತು. ಹಿಂಡಿನ ಆಟಕ್ಕೆ ಇಂದಿಗೂ ಅದೇ ಬುನಾದಿ.

ಹಿಂಡು ಎಷ್ಟು ಬಲವಾಗಬಹುದು ಎಂಬುದನ್ನು 2008ರ 'ಬಿಟರ್‌ಬ್ಲಾಸಮ್', ಕಹಿಹೂ, ತೋರಿಸಿಕೊಟ್ಟಿತು. ಎರಡು ಮಾನಾದ ಈ ಎಲೆ ಸರದಿಗೊಂದರಂತೆ ಹಾರುವ ಕಿನ್ನರರನ್ನು ಹುಟ್ಟಿಸುತ್ತಿತ್ತು. ಪ್ರತಿಯೊಬ್ಬನಿಗೂ ಒಡೆಯನ ಒಂದು ಜೀವಾಂಕ ಬಲಿ. 2011ರಲ್ಲಿ 'ಮಾಡರ್ನ್' ಎಂಬ ಪಂದ್ಯಪದ್ಧತಿಯನ್ನು ಹೊಸದಾಗಿ ಗೊತ್ತುಮಾಡಿದಾಗಲೇ ಈ ಎಲೆಗೆ ನಿಷೇಧ ಬಿದ್ದಿತು. ಅದು ತೆರವಾದದ್ದು 2014ರ ಫೆಬ್ರವರಿಯಲ್ಲಿ.

ಅದೇ 2014ರ ಮಾರ್ಚಿನಲ್ಲಿ ಈ ಆಟದ ಚರಿತ್ರೆ ಹೊಸ ತಿರುವನ್ನು ಪಡೆಯಿತು. ಬ್ಲಿಜರ್ಡ್ ಕಂಪನಿಯ 'ಹಾರ್ತ್‌ಸ್ಟೋನ್' ಹೊರಬಂದದ್ದು ಆಗ. ಮ್ಯಾಜಿಕ್ ಆಟವು 2002ರಿಂದಲೇ ಕಂಪ್ಯೂಟರಿನಲ್ಲಿ ಇತ್ತಾದರೂ, ಹುಟ್ಟಿನಿಂದಲೇ ಯಂತ್ರಕ್ಕೆಂದು ರಚಿತವಾಗಿ ಲೋಕವನ್ನೆಲ್ಲ ವ್ಯಾಪಿಸಿದ ಎಲೆಯಾಟ ಹಾರ್ತ್‌ಸ್ಟೋನ್. ಕಟ್ಟಿನಲ್ಲಿ ಮೂವತ್ತು ಎಲೆ, ನಾಯಕನಿಗೆ ಮೂವತ್ತು ಜೀವಾಂಕ. ಮಾನಾ ಸರದಿಗೆ ಒಂದರಂತೆ ಬೆಳೆದು ಹತ್ತಕ್ಕೆ ನಿಲ್ಲುತ್ತದೆ. ಇಲ್ಲಿ ಗಾಜಿನ ಮಣಿಯ ಗೊಡವೆಯಿಲ್ಲ. ಆಳುಗಳನ್ನು ಯಂತ್ರವೇ ಬರೆದು, ಎಣಿಸಿ, ಅಳಿಸುತ್ತದೆ. ಆದರೆ ಒಂದು ಕಟ್ಟಳೆ: ಒಬ್ಬನ ಕಡೆ ಏಳಕ್ಕಿಂತ ಹೆಚ್ಚು ಆಳು ನಿಲ್ಲುವಂತಿಲ್ಲ. ಮ್ಯಾಜಿಕ್‌ನಲ್ಲಿ ಇಲ್ಲದ ಈ ಮಿತಿಯಿಂದಾಗಿ ಹಿಂಡಿನ ಆಟಗಾರ ಬರಿಯ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. ಏಳು ತುಂಬಿದ ಮೇಲೆ ಅವರ ಬಲವನ್ನು ಏರಿಸಲೇಬೇಕು. ಇನ್ನೊಂದು ಭೇದ: ಮ್ಯಾಜಿಕ್‌ನಲ್ಲಿ ಏಟನ್ನು ಯಾರು ತಡೆಯಬೇಕೆಂಬುದು ರಕ್ಷಿಸಿಕೊಳ್ಳುವವನ ಆಯ್ಕೆ, ಹಾರ್ತ್‌ಸ್ಟೋನಿನಲ್ಲಿ ಯಾರನ್ನು ಹೊಡೆಯಬೇಕೆಂಬುದು, ದಾರಿಗಡ್ಡವಾಗಿ ನಿಲ್ಲುವ ಕಾವಲಾಳು ಎದುರಿಗಿಲ್ಲದಿದ್ದರೆ, ಹೊಡೆಯುವವನದೇ ಆಯ್ಕೆ. ಇದು ಹಿಂಡಿಗೆ ಅನುಕೂಲ.

ಈಗ ಹಣದ ಮಾತಿಗೆ ಬರೋಣ. ಹಾರ್ತ್‌ಸ್ಟೋನ್ ಆಡಲು ಕಾಸು ಕೊಡಬೇಕಿಲ್ಲ. ಆದರೆ ಒಳ್ಳೆಯ ಎಲೆಗಳು ಬೇಕಾದರೆ ಪೊಟ್ಟಣ ಕೊಳ್ಳಬೇಕು, ಇಲ್ಲವೆ ದಿನವೂ ಆಡಿ ಕೂಡಿಸಬೇಕು. ಬೇಡದ ಎಲೆಗಳನ್ನು ಅರೆದು ಬಂದ ಮಾಯಾಧೂಳಿಯಿಂದ ಬೇಕಾದ ಎಲೆಯನ್ನು ಮಾಡಿಕೊಳ್ಳಬಹುದು. ಒಂದು ಸಾಮಾನ್ಯ ಎಲೆಗೆ 40 ಧೂಳಿ. 'ಲೆಜೆಂಡರಿ' ಎಂಬ ಪುರಾಣಪುರುಷರ ಎಲೆಗೆ 1600. ಎಂದರೆ ಒಬ್ಬ ದೊರೆಯ ಬೆಲೆಗೆ ನಲವತ್ತು ಕಾಲಾಳು! ಐದಾರು ದೊರೆಗಳುಳ್ಳ ಕಟ್ಟನ್ನು ಹೊಸಬ ಹೊಂದಿಸಿಕೊಳ್ಳುವುದು ಹೇಗೆ? ಇಂಥವನ ಕೈಹಿಡಿದದ್ದು 'ಜೂ' ಎಂಬ ಹೆಸರಿನ ಕಟ್ಟು. ಹೆಸರಿಗೆ ತಕ್ಕಂತೆ ಅದೊಂದು ಮೃಗಾಲಯ: ಒಂದೆರಡು ಮಾನಾದ ಪಿಶಾಚಿಮರಿಗಳು, ಅಕ್ಕಪಕ್ಕದವರಿಗೆ ಹುರುಪು ತುಂಬುವ ತೋಳ, ತನ್ನ ಕಡೆಗೆ ಒಬ್ಬ ಬಂದಾಗಲೆಲ್ಲ ಶತ್ರುಗಳತ್ತ ಕತ್ತಿ ಎಸೆಯುವ ಜಾದೂಗಾರ, ಸತ್ತರೆ ಹೊಟ್ಟೆಯಿಂದ ಎರಡು ಜೇಡಗಳನ್ನು ಬಿಟ್ಟುಹೋಗುವ ಒಂದು ಹುಳ. ವಾರ್ಲಾಕ್ ಎಂಬ ಮಾಂತ್ರಿಕ ತನ್ನ ಎರಡು ಜೀವಾಂಕ ಕೊಟ್ಟು ಇನ್ನೊಂದು ಎಲೆಯನ್ನು ಎಳೆಯಬಲ್ಲವನಾದುದರಿಂದ ಆಳುಗಳ ಬರವೇ ಇಲ್ಲ. ಹೆಚ್ಚಿನವೆಲ್ಲ ಅಗ್ಗದ ಎಲೆಗಳು. ಹಾಗಿದ್ದೂ ಶ್ರೇಣಿಯ ತುತ್ತತುದಿಯವರೆಗೆ ಏರಲು ಆ ಕಟ್ಟು ಸಾಕಾಗಿತ್ತು. ಬಡವನ ಕೈಗೆ ಬಲವಾದ ಆಯುಧ ಸಿಕ್ಕಿತೆಂದರೆ ಆಟದ ಒಡೆಯರಿಗೂ ಒಂದು ನ್ಯಾಯದ ಹೆಸರು. ಹೊಸಬನಿಗೂ ಒಂದು ಭರವಸೆ.

ಇದಕ್ಕೆ ಸಮನಾಗಿ ಬೆಳೆದದ್ದು ಡ್ರೂಯಿಡ್ ಎಂಬ ವನವಾಸಿಯ ಟೋಕನ್ ಕಟ್ಟು. ಅದರ 'ವಯೊಲೆಟ್ ಟೀಚರ್' ನನ್ನಂಥ ಮೇಷ್ಟರಿಗೆ ಪ್ರಿಯವಾಗಬೇಕಾದ ಎಲೆ. ಆಕೆ ಕಣದಲ್ಲಿದ್ದಾಗ ಒಡೆಯ ಒಂದೊಂದು ಮಂತ್ರ ಹೇಳಿದಾಗಲೂ ಒಬ್ಬೊಬ್ಬ ಶಿಷ್ಯ ಹುಟ್ಟಿಬರುತ್ತಾನೆ. ಬಲ ಒಂದು, ಆಯುಸ್ಸು ಒಂದು. ಇಂಥ ಶಿಷ್ಯರು ಐವರಿದ್ದಾರೆ ಎನ್ನಿ. ಮೂರು ಮಾನಾದ 'ಸ್ಯಾವೇಜ್ ರೋರ್', ಕಾಡುಗರ್ಜನೆ, ಎಲ್ಲ ಆಳುಗಳಿಗೂ ನಾಯಕನಿಗೂ ಆ ಸರದಿಗೆ ಎರಡೆರಡು ಬಲ ಕೂಡಿಸುತ್ತದೆ. ಆಗ ಐದು ಮೂರಲ ಹದಿನೈದು, ನಾಯಕನ ಎರಡು, ಒಟ್ಟು 17. ಏಳು ಮಂದಿ ಇದ್ದರೆ 23. ಮೂವತ್ತು ಜೀವಾಂಕಗಳ ಆಟದಲ್ಲಿ ಇದು ಸಣ್ಣ ಏಟಲ್ಲ.

ಅದಕ್ಕಿಂತ ಭಯಂಕರವಾದದ್ದು ಬರಿದಾದ ಕಣದಿಂದಲೇ ಬರುತ್ತಿದ್ದ ಏಟು. 'ಫೋರ್ಸ್ ಆಫ್ ನೇಚರ್' ಎಂಬ ಆರು ಮಾನಾದ ಮಂತ್ರ ಮೂರು ಮರದಾಳುಗಳನ್ನು ಕರೆದು, ಆ ಕ್ಷಣವೇ ದಾಳಿಮಾಡಿಸಿ, ಸರದಿಯ ಕೊನೆಗೆ ಅವನ್ನು ಸಾಯಿಸುತ್ತಿತ್ತು. ಅದರ ಜೊತೆಗೆ ಕಾಡುಗರ್ಜನೆ ಸೇರಿದರೆ ಒಂಬತ್ತು ಮಾನಾಕ್ಕೆ 14 ಏಟು. ಮೊದಲ ಎರಡು ವರ್ಷ ಡ್ರೂಯಿಡ್‌ನ ಎದುರು ಕುಳಿತವರೆಲ್ಲ ಒಂಬತ್ತನೆಯ ಸರದಿಗೆ ಮುಂಚೆ ತಮ್ಮ ಜೀವಾಂಕ 14ಕ್ಕಿಂತ ಹೆಚ್ಚಿದೆಯೇ ಎಂದು ಎಣಿಸಿಕೊಳ್ಳುವುದು ವಾಡಿಕೆಯಾಯಿತು. 2016ರ ಏಪ್ರಿಲಿನಲ್ಲಿ ಕಂಪನಿ ಈ ಮಂತ್ರವನ್ನು ಬದಲಿಸಿತು: ಬೆಲೆ ಐದಕ್ಕಿಳಿಯಿತು, ಆದರೆ ಮರದಾಳುಗಳು ಬಂದೊಡನೆ ದಾಳಿಮಾಡುವ ಶಕ್ತಿ ಹೋಯಿತು. ಮರುವರ್ಷ ಬಂದ 'ಲಿವಿಂಗ್ ಮಾನಾ' ಇನ್ನೂ ಸಾಹಸದ ಎಲೆ. ಒಡೆಯನ ಮಾನಾ ಹರಳುಗಳೇ ಮರದಾಳುಗಳಾಗಿ ಕಣಕ್ಕೆ ಬರುತ್ತವೆ. ಅವು ಸತ್ತರೆ ಮಾನಾ ಮರಳುತ್ತದೆ. ಬಿತ್ತನೆಯ ಕಾಳನ್ನೇ ದಂಡಿಗೆ ಕಳಿಸಿದಂತೆ! ಮುಂದಿನ ಸರದಿಗಳಲ್ಲಿ ಕೈ ಬರಿದು, ಕಣದಲ್ಲಿದ್ದವರೇ ಗೆಲ್ಲಿಸಬೇಕು.

ಹೊರಗಿನಿಂದ ನೋಡಿದವರು ಹಿಂಡಿನ ಆಟವನ್ನು ಬುದ್ಧಿಯಿಲ್ಲದ ನುಗ್ಗಾಟವೆಂದು ಹೇಳುವುದುಂಟು. ಅದು ತಪ್ಪು. ಆಡುವವನ ಮನಸ್ಸಿನಲ್ಲಿ ಪ್ರತಿ ಸರದಿಯೂ ಒಂದೇ ಪ್ರಶ್ನೆ: ಕೈಯಲ್ಲಿರುವ ಆಳುಗಳನ್ನೆಲ್ಲ ಇಳಿಸಲೆ, ಒಂದಿಬ್ಬರನ್ನು ಉಳಿಸಿಕೊಳ್ಳಲೆ? ಎಲ್ಲರನ್ನೂ ಇಳಿಸಿದರೆ ಗೆಲುವು ಒಂದು ಸರದಿ ಮುಂಚೆ ಬಂದೀತು. ಆದರೆ ಎದುರಿಗಿರುವವನು ಮೇಜ್ ಎಂಬ ಮಾಂತ್ರಿಕನಾದರೆ ಏಳನೆಯ ಸರದಿಗೆ 'ಫ್ಲೇಮ್‌ಸ್ಟ್ರೈಕ್' ಬಂದು, ಎಲ್ಲರ ಮೇಲೂ ಏಟು ಬಿದ್ದು, ಕಣ ಸುಡುಗಾಡಾದೀತು. ಬೇಟೆಗಾರನಾದರೆ 'ಅನ್‌ಲೀಶ್ ದಿ ಹೌಂಡ್ಸ್' ಎಂದು ನಮ್ಮ ಪ್ರತಿಯೊಂದು ಆಳಿಗೂ ಒಂದೊಂದು ನಾಯಿಯನ್ನು ಛೂ ಬಿಟ್ಟಾನು. ನಾವು ಹೆಚ್ಚಿದಷ್ಟೂ ಅವನ ನಾಯಿಗಳು ಹೆಚ್ಚುತ್ತವೆ. ಇಳಿಸದೆ ಉಳಿಸಿಕೊಂಡರೋ, ಎದುರಾಳಿಗೆ ಉಸಿರಾಡಲು ಹೊತ್ತು ಸಿಗುತ್ತದೆ. ಹೊತ್ತು ಸಿಕ್ಕಷ್ಟೂ ಅವನ ದೊರೆಗಳು ಒಬ್ಬೊಬ್ಬರಾಗಿ ಇಳಿಯುತ್ತಾರೆ. ಹಿಂಡಿಗೆ ಕಾಲವೇ ಶತ್ರು.

2017ರ ಆಗಸ್ಟಿನಲ್ಲಿ ಬಂದ 'ಡಿಫೈಲ್' ಎಂಬ ಮಂತ್ರ ಈ ಲೆಕ್ಕಕ್ಕೆ ಇನ್ನೊಂದು ಗಂಟುಹಾಕಿತು. ಎರಡೇ ಮಾನಾಕ್ಕೆ ಅದು ಎಲ್ಲ ಆಳುಗಳಿಗೂ ಒಂದು ಏಟು ಕೊಡುತ್ತದೆ. ಯಾರಾದರೂ ಸತ್ತರೆ ಮತ್ತೆ ಒಂದು ಏಟು. ಮತ್ತೆ ಸತ್ತರೆ ಮತ್ತೆ. ನಮ್ಮ ಆಳುಗಳ ಆಯುಸ್ಸು ಒಂದು, ಎರಡು, ಮೂರು ಎಂದು ಮೆಟ್ಟಿಲುಮೆಟ್ಟಿಲಾಗಿದ್ದರೆ ಎಲ್ಲರೂ ಸತ್ತರು. ಒಂದರವರೂ ಮೂರರವರೂ ಇದ್ದು ಎರಡರವರು ಇಲ್ಲದಿದ್ದರೆ? ಮೊದಲ ಏಟಿಗೆ ಒಂದರವರು ಸಾಯುತ್ತಾರೆ, ಎರಡನೆಯ ಏಟಿಗೆ ಯಾರೂ ಸಾಯುವುದಿಲ್ಲ. ಮಂತ್ರ ಅಲ್ಲಿಗೇ ನಿಂತಿತು, ಮೂರರವರು ಒಂದು ಉಸಿರಿನಿಂದ ಉಳಿದರು. ಎದುರಾಳಿಯ ಕಡೆಯ ಆಳು ಆ ನಡುವೆ ಸತ್ತು ಏಣಿಗೆ ಮೆಟ್ಟಿಲಾಗದಂತೆಯೂ ನೋಡಿಕೊಳ್ಳಬೇಕು. ಆದುದರಿಂದ ಬಲ್ಲವನು ಏಣಿಯ ಒಂದು ಮೆಟ್ಟಿಲನ್ನು ಬೇಕೆಂದೇ ಕಿತ್ತಿಡುತ್ತಾನೆ. ಇಷ್ಟೆಲ್ಲ ಲೆಕ್ಕವೂ 75 ಸೆಕೆಂಡುಗಳ ಒಂದು ಸರದಿಯೊಳಗೆ ಮುಗಿಯಬೇಕು. ನುಗ್ಗಾಟವೆಂದವರು ಒಮ್ಮೆ ಆಡಿನೋಡಲಿ.

ಕಾಗದದ ಎಲೆಗೂ ಯಂತ್ರದ ಎಲೆಗೂ ಇರುವ ದೊಡ್ಡ ಭೇದವನ್ನು ಇಲ್ಲಿ ಹೇಳಬೇಕು. ಕಾಗದದ ಮೇಲೆ ಅಚ್ಚಾದದ್ದು ಅಚ್ಚಾದದ್ದೇ. ಅದನ್ನು ನಿಷೇಧಿಸಬಹುದು, ತಿದ್ದುವುದು ಕಷ್ಟ. ಯಂತ್ರದಲ್ಲಿ ಒಡೆಯ ರಾತ್ರೋರಾತ್ರಿ ಒಂದು ಅಂಕಿಯನ್ನು ಬದಲಿಸಿದರೆ ಲೋಕದ ಎಲ್ಲ ಆಟಗಾರರ ಕೈಯ ಎಲೆಯೂ ಬದಲಾಗುತ್ತದೆ. 2018ರ ಏಪ್ರಿಲಿನಲ್ಲಿ 'ಬಾಕು' ಎಂಬ ಲೆಜೆಂಡರಿ ಬಂದಿತು. ಕಟ್ಟಿನ ಎಲ್ಲ ಎಲೆಗಳ ಬೆಲೆಯೂ ಬೆಸಸಂಖ್ಯೆಯಾಗಿದ್ದರೆ ನಾಯಕನ ಸಹಜಶಕ್ತಿ ಹೆಚ್ಚುತ್ತದೆ ಎಂಬುದು ಅದರ ವರ. ಪ್ಯಾಲಡಿನ್ ಎಂಬ ಯೋಧನಿಗೆ ಇದರಿಂದ ಸರದಿಗೆ ಒಬ್ಬನ ಬದಲು ಇಬ್ಬರು ಆಳು. ಅವರಿಗೆಲ್ಲ ಎರಡೆರಡು ಬಲ, ಎರಡೆರಡು ಆಯುಸ್ಸು ಕೊಡುವ 'ಲೆವೆಲ್ ಅಪ್' ಎಂಬ ಮಂತ್ರದ ಬೆಲೆ ಐದು, ಬೆಸವೇ. ಈ ಕಟ್ಟು ಬಹಳ ಮೆರೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿ ಆ ಐದನ್ನು ಆರು ಮಾಡಿತು. ಒಂದೇ ಮಾನಾ ಹೆಚ್ಚಿದ್ದು. ಆದರೆ ಆರು ಸಮಸಂಖ್ಯೆಯಾದುದರಿಂದ ಆ ಎಲೆ ಕಟ್ಟಿನಿಂದಲೇ ಹೊರಬಿದ್ದಿತು! 2019ರಲ್ಲಿ ಬಾಕು ಕೂಡ, ತನ್ನ ಅವಧಿಗೆ ಒಂದು ವರ್ಷ ಮುಂಚೆಯೇ, ಮುಖ್ಯ ಪಂದ್ಯಪದ್ಧತಿಯಿಂದ ನಿವೃತ್ತಿಹೊಂದಿತು. ಈ ಪ್ರಸಂಗದಲ್ಲಿ ಇನ್ನೊಂದು ವಿಪರ್ಯಾಸವೂ ಉಂಟು. ಬಡವರ ದಂಡಿಗೂ ಕಡೆಗೆ 1600 ಧೂಳಿಯ ಒಬ್ಬ ದೊರೆ ಬೇಕಾದನಲ್ಲ!

ಏಳರ ಮಿತಿಯಿಲ್ಲದ ಮ್ಯಾಜಿಕ್ ಈ ಹೊತ್ತಿಗೆ 'ಅರೀನ' ಎಂಬ ಹೊಸ ರೂಪದಲ್ಲಿ ಯಂತ್ರಕ್ಕೆ ಬಂದಿತ್ತು. 2020ರ 'ಸ್ಕೂಟ್ ಸ್ವಾರ್ಮ್' ಎಂಬ ಜೀರುಂಡೆ ಅಲ್ಲಿ ಮಾಡಿದ ಹಾವಳಿ ಪ್ರಸಿದ್ಧ. ಒಡೆಯನ ಬಳಿ ಆರು ನೆಲದ ಎಲೆಗಳಿದ್ದರೆ, ಆಮೇಲೆ ನೆಲದ ಎಲೆ ಇಳಿದಾಗಲೆಲ್ಲ ಪ್ರತಿಯೊಂದು ಜೀರುಂಡೆಯೂ ತನ್ನಂಥದೇ ಇನ್ನೊಂದನ್ನು ಹುಟ್ಟಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಹತ್ತು ಸಲಕ್ಕೆ 1024. ಚದುರಂಗದ ಮನೆಗಳಲ್ಲಿ ಅಕ್ಕಿಕಾಳನ್ನು ಇಮ್ಮಡಿಸುತ್ತ ಹೋದ ಕಥೆ ನಮ್ಮವರಿಗೆ ಹೊಸದಲ್ಲ. ಹಿಂಡು ಬೆಳೆದಂತೆ ಯಂತ್ರವೇ ಏದುಸಿರು ಬಿಡುತ್ತಿತ್ತು. ಹಾರ್ತ್‌ಸ್ಟೋನಿನ ಏಳರ ಕಟ್ಟಳೆಯ ಅರ್ಥ ಆಗ ಸ್ಪಷ್ಟವಾಯಿತು.

ಈ ಆಟಗಳು ಹುಡುಗರ ಕಾಲಹರಣವಷ್ಟೇ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಇನ್ನೂ ಇದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಹಾರ್ತ್‌ಸ್ಟೋನನ್ನು ಪ್ರದರ್ಶನ ಸ್ಪರ್ಧೆಯಾಗಿ ಆಡಿಸಿದರು; ಅದರಲ್ಲಿ ಗುಜರಾತಿನ ತೀರ್ಥ್ ಮೆಹ್ತಾ ಭಾರತಕ್ಕೆ ಕಂಚಿನ ಪದಕ ತಂದರು. ಪ್ರದರ್ಶನ ಸ್ಪರ್ಧೆಯಾದುದರಿಂದ ಅದು ಪದಕಪಟ್ಟಿಯ ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಾರದ ಗೆಲುವೂ ಗೆಲುವೇ ಎಂಬುದು ನಮ್ಮ ಈ ವಿಷಯಕ್ಕೆ ಒಪ್ಪುವ ಮಾತು.

ಕಡೆಗೆ ಉಳಿಯುವ ಪ್ರಶ್ನೆ ಇದು: ಚಿಲ್ಲರೆ ಆಳುಗಳ ದಂಡು ನಿಜವಾಗಿಯೂ ಬಡವನ ಪಕ್ಷವೆ? ಪೂರ್ತಿ ಹೌದೆನ್ನಲಾರೆ. ದಂಡು ಬಲವಾದಾಗಲೆಲ್ಲ ಅದರ ಅಂಕಿಯನ್ನು ತಿದ್ದುವ ಅಧಿಕಾರ ಒಡೆಯರ ಕೈಯಲ್ಲಿದೆ, ಹೊಸ ಎಲೆಗಳ ಅಂಗಡಿಯೂ ಅವರದೇ. ಆದರೆ ಕಣದೊಳಗೆ, ಆ ಕೆಲವು ನಿಮಿಷಗಳಲ್ಲಿ, ನಲವತ್ತು ಧೂಳಿಯ ಎಲೆಗಳನ್ನು ಹೊತ್ತರಿತು ಇಳಿಸಿದ ಹುಡುಗ, ಸಾವಿರಾರು ಧೂಳಿಯ ದೊರೆಗಳನ್ನು ಕೈಯಲ್ಲಿ ಹಿಡಿದು ಮಾನಾ ಕೂಡಲೆಂದು ಕಾಯುತ್ತಿರುವ ಶ್ರೀಮಂತನನ್ನು ಸೋಲಿಸಬಲ್ಲ. ಈ ಸಾಧ್ಯತೆಯನ್ನು ಮೂವತ್ತು ವರ್ಷಗಳ ತಿದ್ದುಪಡಿಗಳೂ ಅಳಿಸಿಲ್ಲ. ಅಳಿಸಿದರೆ ಆಟಕ್ಕೆ ಹೊಸಬರೇ ಬರಲಾರರು ಎಂಬುದು ಒಡೆಯರಿಗೂ ತಿಳಿದಿದೆ. ಗೆದ್ದ ಮೇಲೆ ಆ ಆಳುಗಳ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಮುಂದಿನ ಆಟಕ್ಕೆ ಅವರು ಮತ್ತೆ ಹೊಸದಾಗಿ ಹುಟ್ಟಬೇಕು.